ಅಕ್ಕ-ತಂಗಿ ಕ್ಯಾಸೆಟ್

ನನ್ನ ಅತ್ತೆಯೂ ಅವರ ಅಕ್ಕನೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಮದುವೆಯಾದ ಮರುವಾರ, ಒಂದು ಉಪ್ಪಿನ ಡಬ್ಬಿಯಿಂದ. ಅಡುಗೆಮನೆಯಲ್ಲಿ ಮೂವರೂ ಇದ್ದೆವು. ಅತ್ತೆ ಬೀನ್ಸ್ ಹೆಚ್ಚುತ್ತಿದ್ದರು. ಅವರ ಅಕ್ಕ, ಅಂದರೆ ನಾನು ದೊಡ್ಡತ್ತೆ ಅಂತ ಕರೆಯುವವರು, ಒಲೆಯ ಮುಂದೆ ನಿಂತು ಮೊಟ್ಟೆ ಬೇಯಿಸುತ್ತಿದ್ದರು. ಇಬ್ಬರ ನಡುವೆ ಒಂದು ಮೊಳ ಜಾಗ ಇತ್ತೋ ಇಲ್ಲವೋ. ದೊಡ್ಡತ್ತೆ ನನ್ನ ಕಡೆ ತಿರುಗಿ, ಉಪ್ಪು ಎಲ್ಲಿಟ್ಟಿದ್ದಾರಂತೆ ಕೇಳಮ್ಮ ಅಂದರು. ಅತ್ತೆ ತಲೆಯೆತ್ತದೆ, ಕಿಟಕಿ ಹತ್ತಿರ ಇದೆ ಅಂತ ಹೇಳಮ್ಮ ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ಕಿಸಕ್ಕನೆ ನಕ್ಕೆ. ಅವರಿಬ್ಬರೂ ನಗಲಿಲ್ಲ. ನಾನೇ ಹೋಗಿ ಡಬ್ಬಿ ತೆಗೆದುಕೊಟ್ಟೆ.

ಆಮೇಲೆ ಗಂಡನನ್ನು ಹಿಡಿದುಕೊಂಡೆ. ಅವನು ಲಿಫ್ಟ್ ರಿಪೇರಿಯವನು. ಮಹಡಿ ಮಹಡಿಯ ನಡುವೆ ಸಿಕ್ಕಿಹಾಕಿಕೊಂಡವರನ್ನು ಹೊರಗೆಳೆಯುವುದು ಅವನ ಸಂಬಳದ ಕೆಲಸ. ಅದು ಮೊದಲಿನಿಂದಲೂ ಹಾಗೇ, ಇಷ್ಟು ದಿನ ಆಚೆಯಿಂದ ಈಚೆಗೆ ಮಾತು ಸಾಗಿಸುವ ಕೆಲಸ ನಂದಿತ್ತು, ಇನ್ಮೇಲೆ ನಿಂದು ಅಂದ. ಸ್ಟೋರ್‌ರೂಮಿನ ಬೀಗದ ಕೈ ಒಪ್ಪಿಸುವವನ ಹಾಗೆ ನಿರಾಳವಾಗಿ ಅಂದ. ಮದುವೆಗೆ ಮುಂಚೆ ಇದನ್ನು ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನಂಬುತ್ತಿದ್ದೆಯಾ ಅಂತ ಕೇಳಿದ. ಅದು ಮಾತ್ರ ನಿಜ, ನಂಬುತ್ತಿರಲಿಲ್ಲ.

ಯಾಕೆಂದರೆ ಇವರು ಯಾರೋ ಇಬ್ಬರು ಹೆಂಗಸರಲ್ಲ. ಇವರು 'ಮೊದಲ ಹೆಜ್ಜೆ' ಭಕ್ತಿಗೀತೆಯ ಅಕ್ಕ-ತಂಗಿ. ಆ ಹಾಡಿನ ಕ್ಯಾಸೆಟ್ ಬಂದಾಗ ನಮ್ಮ ಚರ್ಚಿನ ಸಭೆಯ ಹಿರಿಯರು, ಗಿಟಾರು ಕುಟ್ಟಿ ಡ್ರಮ್ಮು ಬಡಿದು ದೇವರನ್ನು ಕರೆಯೋದು ಎಂಥ ಭಕ್ತಿ, ದೇವರಿಗೇನು ಕಿವುಡಾ ಅಂತ ಮೂಗು ಮುರಿದಿದ್ದರಂತೆ. ವರ್ಷ ಕಳೆಯುವುದರೊಳಗೆ ಅದೇ ಹಿರಿಯರ ಮನೆಗಳಲ್ಲಿ ಅದು ಬೆಳಗಿಂದ ಸಂಜೆತನಕ ಹಾಡಿತು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲು ಬಂತು, ಜನ ಮಾತ್ರ ಅದನ್ನು ಇವತ್ತಿಗೂ ಅಕ್ಕ-ತಂಗಿ ಕ್ಯಾಸೆಟ್ ಅಂತಲೇ ಕರೆಯುತ್ತಾರೆ. ಮದುವೆಗೂ ಅದೇ, ಮಣ್ಣಿಗೂ ಅದೇ. ಹಾಡು ಕಟ್ಟಿದವರು ನನ್ನ ಮಾವ. ಹಾಡಿದವರು ಇವರಿಬ್ಬರು. ಕವರಿನ ಮೇಲೆ ಇಬ್ಬರೂ ಕೈ ಮೇಲೆ ಕೈಯಿಟ್ಟು ಕೂತ ಫೋಟೋ ಇದೆ. ಮುಖ್ಯ ಹಾಡಿನಲ್ಲಿ ಅಕ್ಕ ಒಂದು ಸಾಲು, ತಂಗಿ ಒಂದು ಸಾಲು ಹಾಡಿ, ಕೊನೆಗೆ ಇಬ್ಬರೂ ಸೇರಿ 'ನಿನ್ನ ಬಾಗಿಲಿಗೆ ಮೊದಲು ನಾನೇ ಬರುವೆ' ಅಂತ ಎತ್ತುತ್ತಾರೆ. ಅಲ್ಲಿ ಎಂಥವರಿಗೂ ಗಂಟಲು ಕಟ್ಟುತ್ತದೆ.

ನಮ್ಮಮ್ಮನಿಗೂ ಚಿಕ್ಕಮ್ಮನಿಗೂ ಎಷ್ಟೋ ವರ್ಷ ಮುಖ ಕೊಟ್ಟು ಮಾತಿರಲಿಲ್ಲ. ಒಂದು ದಿನ ಅಮ್ಮ ಬಟ್ಟೆ ಒಗೆಯುತ್ತಾ ಆ ಹಾಡು ಕೇಳುತ್ತಿದ್ದವಳು, ಸೋಪಿನ ಕೈಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಚಿಕ್ಕಮ್ಮನ ಮನೆಗೆ ನಡೆದುಬಿಟ್ಟಳು. ಅದು ನನ್ನ ಕಣ್ಣಾರೆ ಕಂಡದ್ದು. ಹಾಗಾಗಿ ಈ ಮನೆಯಿಂದ ಸಂಬಂಧ ಬಂದಾಗ ಅಮ್ಮ ಹುಡುಗನ ಸಂಬಳವನ್ನೂ ಕೇಳಲಿಲ್ಲ. ಅಂಥ ಹೆಂಗಸರ ಕೈಕೆಳಗೆ ನನ್ನ ಮಗಳು ಇರ್ತಾಳಲ್ಲ, ಅಷ್ಟು ಸಾಕು ಅಂದಳು.

ಇಲ್ಲಿ ನೋಡಿದರೆ ಫ್ರಿಜ್ಜಿನಲ್ಲಿ ಮೇಲಿನ ಖಾನೆ ಅಕ್ಕನದು, ಕೆಳಗಿನದು ತಂಗಿಯದು. ಚಹಾಕ್ಕೆ ಇಬ್ಬರಿಗೂ ಬೇರೆ ಬೇರೆ ಪಾತ್ರೆ. ದೊಡ್ಡತ್ತೆ ಮದುವೆಯಾದವರಲ್ಲ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ಬೆಳಗ್ಗೆ ಅತ್ತೆ ಮುಂಚೆಯೇ ಎದ್ದು ಒಲೆ ಮುಗಿಸಿ ಹೊಲಿಗೆ ಮಿಷನ್ನಿನ ಮುಂದೆ ಕೂತುಬಿಡುತ್ತಿದ್ದರು, ಆಮೇಲೆ ದೊಡ್ಡತ್ತೆ ಅಡುಗೆಮನೆಗೆ ಬರುತ್ತಿದ್ದರು. ನಡುವೆ ಮಾತು ಸಾಗಿಸುವುದಕ್ಕೆ ಯಾರೂ ಇಲ್ಲದಿದ್ದರೆ ವಸ್ತುಗಳಿಗೆ ಹೇಳುತ್ತಿದ್ದರು. ದೊಡ್ಡತ್ತೆ ಫ್ರಿಜ್ಜಿನ ಬಾಗಿಲಿಗೆ ಮುಖ ಕೊಟ್ಟು, ಹಾಲು ಮುಗಿದಿದೆ ಅನ್ನುವುದು. ಅತ್ತೆ ಮಿಷನ್ನಿಗೆ, ನಲ್ಲಿ ಸೋರುತ್ತಿದೆ ಅನ್ನುವುದು. ಫ್ರಿಜ್ಜು ಮಿಷನ್ನು ಬಾಯಿ ಬಂದು ಮಾತಾಡಿದ್ದರೆ ಅವೇ ಇವರಿಗೆ ಬುದ್ಧಿ ಹೇಳುತ್ತಿದ್ದವು. ಒಬ್ಬರು ಬೇರೆ ಮನೆ ಮಾಡಿಕೊಂಡು ಹೋಗಬಹುದಿತ್ತಲ್ಲ ಅಂತ ನಾನು ಗಂಡನನ್ನು ಕೇಳಿದ್ದುಂಟು. ಬೇರೆ ಹೋದರೆ ಊರಿಗೆ ಗೊತ್ತಾಗುತ್ತೆ ಅಂದ.

ಇನ್ನೊಂದು ವಿಷಯ ಹೇಳದಿದ್ದರೆ ನನ್ನ ನಾಚಿಕೆ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಸಭೆಯ ಹಾಡುವ ತಂಡಕ್ಕೆ ಮಾವನೇ ಯಜಮಾನರು. ದೇವರ ಮುಂದೆ ಬರುವ ಮೊದಲು, ಮನಸ್ತಾಪ ಇರುವವರ ಹತ್ತಿರ ಹೋಗಿ ರಾಜಿಯಾಗಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತೇ. ಮಾವ ಅದನ್ನು ತಂಡದಲ್ಲಿ ಪದ್ಧತಿ ಮಾಡಿಬಿಟ್ಟಿದ್ದರು. ಪ್ರತಿ ಭಾನುವಾರ ಪಕ್ಕದ ಕೋಣೆಯಲ್ಲಿ ಎಲ್ಲರೂ ಸಾಲಾಗಿ ನಿಂತಾಗ ಒಬ್ಬೊಬ್ಬರ ಮುಂದೆ ಬಂದು, 'ಸಮಾಧಾನವಾ?' ಅಂತ ಕೇಳುತ್ತಾರೆ. ಮನೆಯಲ್ಲಿ ಯಾರೊಂದಿಗೂ ಜಗಳ ಇಲ್ಲದವರು 'ಸಮಾಧಾನ' ಅನ್ನಬೇಕು. ಇರುವವರು ಹಾಡಿನ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ರಾಜಿಯಾಗುವ ತನಕ ಹಾಡುವ ಹಾಗಿಲ್ಲ. ಬೇರೆ ಊರಿನ ಸಭೆಗಳಿಂದೆಲ್ಲ ಬಂದು ಈ ಪದ್ಧತಿ ನೋಡಿಕೊಂಡು ಹೋಗಿದ್ದಾರೆ. ಮಾವ ಹೆಂಡತಿಯ ಮುಂದೆ ನಿಂತು ಸಮಾಧಾನವಾ ಅನ್ನುವರು. ಅತ್ತೆ, ಸಮಾಧಾನ. ಮುಂದಿನವರು ದೊಡ್ಡತ್ತೆ. ಸಮಾಧಾನವಾ? ಸಮಾಧಾನ. ಆಮೇಲೆ, ಮದುವೆಯಾದ ಮೇಲೆ ತಂಡಕ್ಕೆ ಸೇರಿದ ನಾನು. ನಾನೂ ಸಮಾಧಾನ ಅಂದೆ. ಮೊದಲ ಭಾನುವಾರ ನಾಲಿಗೆ ತೊದಲಿತು, ಆಮೇಲೆ ಅಭ್ಯಾಸವಾಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವುದನ್ನು ಅಲ್ಲಿಯವರೆಗೆ ಬೇರೆಯವರಿಗೆ ಅನ್ನುತ್ತಿದ್ದೆ.

ಕ್ಯಾಸೆಟ್ಟಿಗೆ ಇಪ್ಪತ್ತೈದು ತುಂಬುತ್ತದೆ, ದೊಡ್ಡ ಆರಾಧನೆ ಇಡಬೇಕು, ಅಕ್ಕ-ತಂಗಿ ಆವತ್ತು ಅದೇ ಹಾಡು ಹಾಡಬೇಕು ಅಂತ ತೀರ್ಮಾನವಾದ ದಿನಗಳಲ್ಲೇ ನಮ್ಮ ಸಭೆಯ ಪಾದ್ರಿ ಅಯ್ಯನವರು ಬೇಕರಿಯ ಅಣ್ಣತಮ್ಮಂದಿರನ್ನು ನಮ್ಮ ಮನೆಗೆ ಕರೆತಂದರು. ಇದೂ ಒಂದು ರೂಢಿ. ಒಡಹುಟ್ಟಿದವರು ಎಲ್ಲೇ ಕಿತ್ತಾಡಲಿ, ಅಕ್ಕ-ತಂಗಿಯ ಮುಂದೆ ಕೂರಿಸಿದರೆ ಸರಿಹೋಗುತ್ತಾರೆ ಅನ್ನುವ ನಂಬಿಕೆ. ಈ ಬೇಕರಿಯವರು ಒಂದೇ ಒಲೆಯನ್ನು ಅಣ್ಣನಿಗೆ ಹಗಲು, ತಮ್ಮನಿಗೆ ರಾತ್ರಿ ಅಂತ ಪಾಲು ಮಾಡಿಕೊಂಡವರು. ನಮ್ಮ ಮನೆಗೆ ಹೇಳಿಮಾಡಿಸಿದ ನೆಂಟರು ಅಂದುಕೊಂಡೆ.

ಅತ್ತೆಯೂ ದೊಡ್ಡತ್ತೆಯೂ ಸೋಫಾದ ಮೇಲೆ ಪಕ್ಕಪಕ್ಕ ಕೂತರು. ನಾನು ಚಹಾ ತಂದೆ. ತಮ್ಮ ಅನ್ನಿಸಿಕೊಂಡವನು ನೆಲ ನೋಡುತ್ತಾ, ನಿಮ್ಮಿಬ್ಬರಲ್ಲಿ ಯಾವತ್ತೂ ಮನಸ್ತಾಪ ಬಂದೇ ಇಲ್ವಾ ಅಮ್ಮ ಅಂತ ಕೇಳಿದ. ಅತ್ತೆ ತಮ್ಮ ಕೈಯನ್ನು ದೊಡ್ಡತ್ತೆಯ ಕೈ ಮೇಲಿಟ್ಟರು, ಥೇಟ್ ಕವರಿನ ಫೋಟೋದ ಹಾಗೆ.

"ಬರುತ್ತಪ್ಪ, ಮನುಷ್ಯರಲ್ವಾ. ಯಾರು ಮೊದಲು ಹೋಗಿ ಮಾತಾಡಿಸ್ತಾರೆ ಅನ್ನೋದೇ ಮುಖ್ಯ" ಅಂದರು. ದೊಡ್ಡತ್ತೆ ಹೌದು ಅನ್ನುವ ಹಾಗೆ ತಲೆ ಆಡಿಸಿದರು.

ಆ ಗಂಡಸರಿಬ್ಬರೂ ಅಳಲಿಕ್ಕೆ ಹತ್ತಿದರು. ತಮ್ಮ ಎದ್ದು ಅಣ್ಣನ ಕಾಲ ಹತ್ತಿರ ಕೂತ. ಹೋಗುವಾಗ ಅಣ್ಣ ನನಗೆ, ಆಶೀರ್ವಾದ ಇರಬೇಕಮ್ಮ ಇಂಥ ಮನೆ ಸೇರೋಕೆ ಅಂದ. ಗೇಟು ಹಾಕಿಕೊಂಡು ಒಳಗೆ ಬಂದರೆ ಅತ್ತೆ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದರು. ಅಕ್ಕನ ಕೈ ಮುಟ್ಟಿದ ಕೈ. ಸೋಪು ಹಾಕಿ ತೊಳೆಯುತ್ತಿದ್ದರು. ದೊಡ್ಡತ್ತೆ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದರು, ನಾನು ಅವರಿಬ್ಬರನ್ನೂ ನೋಡುತ್ತಿದ್ದೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮಾರನೇ ದಿನ ಬೇಕರಿಯಿಂದ ಬಿಸಿ ಬನ್ನಿನ ಪೆಟ್ಟಿಗೆ ಬಂತು. ಒಲೆ ಒಂದಾಯಿತಂತೆ. ಬನ್ನುಗಳನ್ನು ನಾನು ಸಮ ಎರಡು ಪಾಲು ಮಾಡಿ ಮೇಲಿನ ಖಾನೆಯಲ್ಲಿ ಅರ್ಧ, ಕೆಳಗೆ ಅರ್ಧ ಇಟ್ಟೆ.

ಆ ಭಾನುವಾರ ಮಾವ ನನ್ನ ಮುಂದೆ ಬಂದು ಸಮಾಧಾನವಾ ಅಂದಾಗ, ಇಲ್ಲ ಮಾವ ಅಂದೆ. ಯೋಚನೆ ಮಾಡಿ ಅಂದದ್ದಲ್ಲ. ಆ ಪದ ಬಾಯಿಗೇ ಬರಲಿಲ್ಲ. ಪುಸ್ತಕ ಕುರ್ಚಿಯ ಮೇಲಿಟ್ಟು ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ನಾನು ಹೀಗೆ ಮಾಡಿದರೆ ಅವರಿಗೆ ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ, ದಡ್ಡಿ.

ಆದದ್ದೇ ಬೇರೆ. ಅಕ್ಕ-ತಂಗಿ ಸಮಾಧಾನ ಅಂದಿದ್ದಾರೆ, ಹೊಸ ಸೊಸೆ ಇಲ್ಲ ಅಂದಿದ್ದಾಳೆ, ಅಂದಮೇಲೆ ಜಗಳಗಂಟಿ ಯಾರು? ಮಧ್ಯಾಹ್ನದೊಳಗೆ ಸುದ್ದಿ ನಮ್ಮಮ್ಮನ ಕಿವಿಗೂ ಬಿತ್ತು. ಫೋನಿನಲ್ಲಿ ಅತ್ತುಕೊಂಡು ಅಂದಳು, "ಅಂಥ ದೇವರಂಥ ಹೆಂಗಸರ ಹತ್ತಿರ ಬಾಳ್ವೆ ಮಾಡೋಕೆ ಆಗದವಳು ಇನ್ನೆಲ್ಲಿ ಮಾಡ್ತೀಯೇ?" ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ತಂಡದ ಹೆಂಗಸೊಬ್ಬರು ಬಂದು, ಅಕ್ಷರದ ಬೋರ್ಡು ಓದಿ ಅಂದರೆ ಅದನ್ನು ಬಿಟ್ಟು ನನಗೆ ಬುದ್ಧಿಮಾತು ಓದಿದರು. ಹಿರಿಯರು ಒಂದು ಮಾತು ಅಂದರೆ ಹೊಟ್ಟೆಗೆ ಹಾಕ್ಕೋಬೇಕು ಕಣಮ್ಮ ಅಂದರು. ಸಂಜೆ ಬಂದರೆ ನನ್ನ ಗಂಡ, ಒಂದು ಸಲ ಸಮಾಧಾನ ಅಂದುಬಿಟ್ಟಿದ್ದರೆ ನಿನ್ನ ಗಂಟೇನು ಹೋಗ್ತಿತ್ತು ಅಂದ. ನಿನ್ನ ಗಂಟು ಹೋಗ್ತಿತ್ತಾ ನಿನ್ನಮ್ಮನಿಗೆ ಬುದ್ಧಿ ಹೇಳಿದ್ದರೆ ಅಂದೆ. ಆ ವಾರ ನಮ್ಮಿಬ್ಬರ ನಡುವೆಯೂ ಮಾತು ಅಷ್ಟಕ್ಕಷ್ಟೇ.

ಮುಂದಿನ ವಾರ ಅಯ್ಯನವರೇ ಬಂದರು. ಹಬ್ಬದಂಥ ದಿನ ಬರ್ತಿದೆ, ತಂಡ ಮುರಿದಿರಬಾರದು, ನೀನು ಹಿರಿಯರಿಬ್ಬರ ಹತ್ತಿರ ಕ್ಷಮೆ ಕೇಳಿಬಿಡು ತಾಯಿ, ದೊಡ್ಡಸ್ತಿಕೆಗೇನೂ ಕಮ್ಮಿಯಾಗಲ್ಲ ಅಂದರು. ಅತ್ತೆ ಚಹಾ ಸೋಸುತ್ತಿದ್ದರು. ದೊಡ್ಡತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಮಾವ ಕನ್ನಡಕ ತೆಗೆದು ಒರೆಸುತ್ತಿದ್ದರು. ಮೂವರಲ್ಲಿ ಒಬ್ಬರಾದರೂ ಬಾಯಿ ಬಿಡಲಿ ಅಂತ ನಾನು ಕಾದೆ. ಚಹಾ ಸೋಸಿ ಆಯಿತು, ಕನ್ನಡಕ ಒರೆಸಿ ಆಯಿತು. ಆಗಲಿ ಅಯ್ಯನವರೇ, ನಾವು ಹೇಳ್ತೀವಿ ಅಂದರು ಮಾವ. ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದದ್ದು.

ಹೊರಗೆ ತುಟಿ ಬಿಚ್ಚದವರು ಮನೆಯಲ್ಲಿ ಮೆತ್ತಗಾದರು. ಅತ್ತೆ ನನ್ನ ತಟ್ಟೆಗೆ ಹೆಚ್ಚಿಗೆ ಬಡಿಸತೊಡಗಿದರು. ದೊಡ್ಡತ್ತೆ ಕೇಳದೆಯೇ ನನ್ನ ಅಂಗಡಿಯ ಬಟ್ಟೆ ಇಸ್ತ್ರಿ ಮಾಡಿಟ್ಟರು. ಹಾಗೆ ಇಸ್ತ್ರಿ ಮಾಡುತ್ತಲೇ ಒಂದು ಸಂಜೆ ನನ್ನ ಹತ್ತಿರ ಬಾಯಿ ಬಿಟ್ಟರು.

ಕ್ಯಾಸೆಟ್ ಹೆಸರಾದ ಮೇಲೆ ಊರೂರಿಂದ ಕರೆ ಬರುತ್ತಿತ್ತಂತೆ. ಅಷ್ಟರಲ್ಲಿ ಇವರ ತಾಯಿ ಹಾಸಿಗೆ ಹಿಡಿದರು. ಒಂದು ಕಾರ್ಯಕ್ರಮಕ್ಕೆ ಇವರು ಹೋಗದೆ ತಾಯಿಯ ಹತ್ತಿರ ಉಳಿದರು. ತಂಗಿಯೂ ಅವಳ ಗಂಡನೂ ಹೋದರು. ಸಂಜೆ ತಾಯಿ ತೀರಿಕೊಂಡರು. ಆ ಊರಿನ ಕಾರ್ಯಕ್ರಮದ ಸಭಾಂಗಣಕ್ಕೆ ಇವರೇ ಫೋನ್ ಮಾಡಿದರು. ಯಾರೋ ಆಫೀಸಿನವನು ತೆಗೆದು, ಈಗಷ್ಟೇ ಶುರುವಾಗಿದೆ, ಈಗಲೇ ಹೇಳ್ತೀನಿ ಅಂದ. ಇವರು ಹೆಣದ ಪಕ್ಕ ಕೂತು ಕಾದರು. ತಂಗಿ ಬಂದದ್ದು ಬೆಳಗಾದ ಮೇಲೆ. "ತಾಯಿ ಸತ್ತಿದ್ದಾಳೆ ಅಂತ ಗೊತ್ತಿದ್ದೂ ಪೂರ್ತಿ ಹಾಡಿ ಬಂದಳಮ್ಮ ಅವಳು. ಕಡೇ ಬಸ್ಸು ತಪ್ಪಿಸಿಕೊಂಡು ಹಾಡಿದಳು" ಅಂದರು. ಇಸ್ತ್ರಿಪೆಟ್ಟಿಗೆ ನಿಲ್ಲಿಸಿರಲಿಲ್ಲ, ಒಂದೇ ತೋಳಿನ ಮೇಲೆ ತಿಕ್ಕುತ್ತಲೇ ಇದ್ದರು.

ಅತ್ತೆಯ ಕಥೆ ಎರಡು ದಿನದ ಮೇಲೆ ಮಿಷನ್ನಿನ ಮುಂದೆ ಬಂತು. ಅಕ್ಕ ನಿನಗೆ ಹೇಳಿರಬೇಕು ಅಂತ ಶುರು ಮಾಡಿದರು. ಅವರಿಗೆ ಸುದ್ದಿ ತಿಳಿದದ್ದು ಎಲ್ಲ ಹಾಡು ಮುಗಿದು, ಜನ ಹೂವು ಕೊಟ್ಟು, ಸಭಾಂಗಣ ಖಾಲಿಯಾದ ಮೇಲೆ. ಇದೀಗ ಫೋನ್ ಬಂತು ಅಂತ ಮಾವ ಬಂದು ಹೇಳಿದರಂತೆ. ಬಸ್ಸಿಲ್ಲದೆ ತರಕಾರಿ ಲಾರಿ ಹತ್ತಿ ಬಂದು ಬಾಗಿಲಲ್ಲಿ ಕಾಲಿಟ್ಟರೆ, ತುಂಬಿದ ಮನೆಯಲ್ಲಿ, ಎಲ್ಲರ ಮುಂದೆ ಅಕ್ಕ ಅಂದದ್ದು ಒಂದೇ ಮಾತು: ಹಾಡು ಮುಗೀತಾ? "ಅಮ್ಮನ ಮುಖ ನೋಡೋಕೆ ಮುಂಚೆ ನನಗೆ ಆ ಮಾತು ಕೇಳಿಸಿದಳು. ಗೊತ್ತೇ ಇರಲಿಲ್ಲ ಅಂದರೆ, ಸುಳ್ಳು ಹೇಳಬೇಡ ಅಂದಳು." ಅಲ್ಲಿಂದ ಇಬ್ಬರ ಮಾತು ನಿಂತದ್ದು. ಮೊದಲು ಅವಳೇ ಬರಲಿ ಅಂತ ಇವರು, ಇವಳೇ ಬರಲಿ ಅಂತ ಅವರು.

ನಾನು ಎರಡೂ ಕಥೆಗಳನ್ನು ಜೊತೆಗಿಟ್ಟು ನೋಡಿದೆ. ನನ್ನ ಕೆಲಸವೇ ಅದಲ್ಲವಾ, ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತಾ, ಈ ಗಾಜಿನಲ್ಲಾ ಅಂತ ಕೇಳುವುದು. ಅಕ್ಕನೂ ಸುಳ್ಳು ಹೇಳುತ್ತಿಲ್ಲ, ತಂಗಿಯೂ ಹೇಳುತ್ತಿಲ್ಲ. ಫೋನು ಸಂಜೆಯೇ ಬಂದಿದೆ, ತಂಗಿಗೆ ತಿಳಿದದ್ದು ರಾತ್ರಿ. ನಡುವೆ ಯಾರ ಹೊಟ್ಟೆಯಲ್ಲಿ ಇತ್ತು ಆ ಸುದ್ದಿ?

ಮಾವನಿಗೆ ಗಿಟಾರು ಕೀಬೋರ್ಡು ರಿಪೇರಿ ಅಂಗಡಿ ಇದೆ. ಮಾರನೇ ದಿನ ಕೆಲಸದಿಂದ ಬರುವಾಗ ಅಲ್ಲಿಗೆ ಹೋದೆ. ಗಿಟಾರಿಗೆ ತಂತಿ ಹಾಕುತ್ತಿದ್ದರು. ಅಜ್ಜಿ ತೀರಿಕೊಂಡಾಗ ಆ ಸಭಾಂಗಣಕ್ಕೆ ಫೋನ್ ಬಂತಲ್ಲ ಮಾವ, ಆಫೀಸಿನವನು ಯಾರಿಗೆ ಹೇಳಿದ ಅಂತ ಕೇಳಿದೆ. ತಂತಿ ಬಿಗಿಯುತ್ತಿದ್ದ ಕೈ ನಿಂತಿತು. ಅಂಗಡಿಯ ಹೊತ್ತಲ್ಲಿ ಹಳೇ ಮಾತೆಲ್ಲ ಯಾಕಮ್ಮ ಅಂದರು, ನನ್ನ ಮುಖ ನೋಡಲಿಲ್ಲ. ಆವತ್ತು ಮನೆಗೆ ಬಂದು ಹಸಿವಿಲ್ಲ ಅಂತ ಮಲಗಿಬಿಟ್ಟರು. ಗಂಡನಿಗೆ ಹೇಳಿದೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂದ. ನನ್ನನ್ನು ನೋಡಬೇಡ ಅಂದೆ. ಅವನು ನನ್ನನ್ನೇ ನೋಡುತ್ತಿದ್ದ.

ದೊಡ್ಡ ಆರಾಧನೆಗೆ ಒಂದು ವಾರ ಮುಂಚಿನ ಭಾನುವಾರ. ನಾನು ಎಲ್ಲರ ಮುಂದೆ ಕ್ಷಮೆ ಕೇಳಿ ಸಮಾಧಾನ ಅಂದು ತಂಡ ಸೇರಬೇಕು ಅಂತ ತೀರ್ಮಾನವಾಗಿತ್ತು. ಸೇರುವುದು ಅಂತಲೇ ಹೋಗಿದ್ದೆ, ಸತ್ಯವಾಗಿ. ಅಮ್ಮನ ಅಳು ಕೇಳಿ ಸಾಕಾಗಿತ್ತು. ಪಕ್ಕದ ಕೋಣೆಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ತಂಡದಲ್ಲಿದ್ದ ಅಯ್ಯನವರ ಹೆಂಡತಿ ನನ್ನ ಬೆನ್ನು ತಟ್ಟಿದರು. ಮಾವ ಶುರು ಮಾಡಿದರು. ಸಮಾಧಾನವಾ? ಸಮಾಧಾನ. ಅತ್ತೆ, ಸಮಾಧಾನ. ದೊಡ್ಡತ್ತೆ, ಸಮಾಧಾನ. ನನ್ನ ಮುಂದೆ ಬಂದು, ಸಮಾಧಾನವಾ ಅಮ್ಮ ಅಂದರು. ದನಿ ಎಷ್ಟು ಮೆತ್ತಗಿತ್ತು ಅಂದರೆ, ಬೇಡಿಕೊಂಡ ಹಾಗಿತ್ತು.

"ನಂದು ಆಮೇಲೆ ಹೇಳ್ತೀನಿ ಮಾವ. ನಿಮ್ಮನ್ನ ಯಾರೂ ಕೇಳೋದೇ ಇಲ್ವಲ್ಲ. ನಿಮಗೆ ಸಮಾಧಾನವಾ?"

ಯಾರೋ ಕೆಮ್ಮಿದರು. ಮಾವ ನನ್ನನ್ನು ನೋಡಿದರು, ಆಮೇಲೆ ಹೆಂಡತಿಯನ್ನು, ಆಮೇಲೆ ಅವರ ಅಕ್ಕನನ್ನು. ತಮ್ಮ ಪುಸ್ತಕ ಮುಚ್ಚಿ ಕುರ್ಚಿಯ ಮೇಲಿಟ್ಟರು. ಬಾಗಿಲು ದಾಟುವಾಗ ಹೊಸ್ತಿಲು ಎಡವಿದರು. ಅವರ ಬಗ್ಗಿದ ಬೆನ್ನು ನೋಡಿ, ನನ್ನ ಬಾಯಿಗೆ ಮಣ್ಣು ಹಾಕ ಅಂತ ನನ್ನನ್ನೇ ಬೈದುಕೊಂಡೆ. ಅಪ್ಪನ ವಯಸ್ಸಿನವರನ್ನು ಹತ್ತು ಜನರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದ್ದೆ. ಆವತ್ತು ತಂಡ ತಾಳ ತಪ್ಪಿ ಹಾಡಿತು.

ಮಧ್ಯಾಹ್ನ ಊಟಕ್ಕೆ ಕೂತೆವು. ಅತ್ತೆ ಆಲೂಗಡ್ಡೆ ಬಡಿಸಿದರು. ಮಾವ ತಟ್ಟೆ ಮುಟ್ಟದೆ, ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದರು.

"ಫೋನು ಬಂದಿದ್ದು ನನಗೆ ಗೊತ್ತಿತ್ತು. ಎರಡನೇ ಹಾಡು ನಡೀತಿತ್ತು. ಆಫೀಸಿನವನು ಬಂದು ಕಿವೀಲಿ ಹೇಳಿದ. ಸಭಾಂಗಣದ ತುಂಬ ಜನ. ಹೋದ ಜೀವ ಹೋಗಿಯಾಗಿದೆ, ಹಾಡು ಮುಗಿಯಲಿ ಅಂದ್ಕೊಂಡೆ. ಇವಳಿಗೆ ಏನೂ ಗೊತ್ತಿರಲಿಲ್ಲ."

ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ಉಳಿಯಿತು. ಅಕ್ಕ ಸುಳ್ಳು ಹೇಳಬೇಡ ಅಂದಾಗ ನೀವು ಅಲ್ಲೇ ಇದ್ರಲ್ಲ ಅಂದರು. ಇದ್ದೆ ಅಂದರು ಮಾವ. ಮೊದಲ ದಿನ ಹೆದರಿಕೆಯಾಯಿತಂತೆ. ತಿಂಗಳು ಕಳೆದರೆ ತಾನೇ ತಣ್ಣಗಾಗುತ್ತದೆ ಅಂದುಕೊಂಡರಂತೆ. ಆಮೇಲೆ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದೇ ದೊಡ್ಡದಾಗುತ್ತಾ ಹೋಯಿತಂತೆ.

"ಅದಕ್ಕೇ ಆ ಪದ್ಧತಿ ಶುರು ಮಾಡಿದ್ದು. ಇಬ್ಬರಲ್ಲಿ ಒಬ್ಬರಾದರೂ ಒಂದು ಭಾನುವಾರ ಇಲ್ಲ ಅಂದರೆ, ಆಗ ಹೇಳಿಬಿಡೋಣ ಅಂತಿದ್ದೆ. ನೀವಿಬ್ಬರೂ ಸಮಾಧಾನ, ಸಮಾಧಾನ ಅಂತಲೇ ಹೋದಿರಿ."

ಮಾವ ಅಳುತ್ತಿದ್ದರು. ನನ್ನ ಗಂಡ ಎದ್ದು ಅವರಿಗೆ ನೀರು ಕೊಟ್ಟ. ದೊಡ್ಡತ್ತೆ ಅವರ ಕಡೆ ನೋಡಲೇ ಇಲ್ಲ. ತಂಗಿಯ ಕಡೆಯೂ ನೋಡಲಾರದೆ ತಮ್ಮ ಅಂಗೈ ನೋಡಿಕೊಂಡು ಕೂತರು. ಅಮ್ಮನ ಹೆಣದ ಮುಂದೆ ನಾನು ಆ ಮಾತು ಅಂದೆನಲ್ಲ, ಅಂದೆನಲ್ಲ ಅಂತ ಎರಡು ಸಲ ತಮಗೆ ತಾವೇ ಅಂದುಕೊಂಡರು. ಅತ್ತೆ ಸದ್ದಿಲ್ಲದೆ ಎದ್ದರು. ಒಳಗೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಕುರ್ಚಿಯ ಹಿಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಬಾಯಿ ತೆರೆದಾಗ ಅವರು ನೋಡಿದ್ದು ನನ್ನ ಕಡೆಯಲ್ಲ, ಫ್ರಿಜ್ಜಿನ ಕಡೆಯಲ್ಲ.

"ಅಕ್ಕ, ಅವರಿಗೆ ಹೇಳು, ಇವತ್ತಿನಿಂದ ಅವರ ತಟ್ಟೆ ಅವರೇ ತೊಳ್ಕೋಬೇಕು ಅಂತ."

ದೊಡ್ಡತ್ತೆ ಮಾವನ ಕಡೆ ತಿರುಗಿ, ತಟ್ಟೆ ನೀವೇ ತೊಳ್ಕೋಬೇಕಂತೆ ಅಂದರು. ಮಾವ ಎದ್ದು ಹೋಗಿ ತೊಳೆದರು. ಉಣ್ಣದ ಆಲೂಗಡ್ಡೆಯನ್ನು ಎಲ್ಲಿ ಹಾಕಬೇಕೆಂದು ಗೊತ್ತಾಗದೆ ಸಿಂಕಿನ ಮುಂದೆ ಹಾಗೇ ನಿಂತಿದ್ದರು. ನಾನು ಈಸಿಕೊಂಡೆ.

ಹಾಗಂತ ಮನೆ ಸ್ವರ್ಗವಾಗಲಿಲ್ಲ. ಅಕ್ಕ-ತಂಗಿ ದಿನಕ್ಕೆ ನಾಲ್ಕು ಮಾತಾಡುತ್ತಿದ್ದರು, ಅದರಲ್ಲಿ ಮೂರು ಮಾವನಿಗೆ ಮುಟ್ಟಿಸುವುದೇ. ಉಳಿದ ಒಂದರಲ್ಲಿ ಎಷ್ಟೋ ಸಲ ಜಗಳ ಹತ್ತುತ್ತಿತ್ತು. ನೀನಾದರೂ ಒಂದು ಸಲ ಬಂದು ಕೇಳಬಹುದಿತ್ತು, ನೀನಾದರೂ ಬರಬಹುದಿತ್ತು ಅಂತ. ಮಿಷನ್ನು ಅರ್ಧದಲ್ಲಿ ನಿಲ್ಲುವುದು, ಮತ್ತೆ ಓಡುವುದು. ಚಹಾದ ಪಾತ್ರೆ ಮಾತ್ರ ಒಂದಾಯಿತು. ಅಂಗಡಿಯ ಮೇಲೆ ಮಲಗುತ್ತೇನೆ ಅಂದ ಮಾವನನ್ನು, ಊರಿಗೆ ಗೊತ್ತಾಗುತ್ತೆ ಅನ್ನುವ ಭಯಕ್ಕಲ್ಲ, ಮಳೆಗೆ ಅಲ್ಲಿ ಸೋರುತ್ತೆ ಅಂತ ನನ್ನ ಗಂಡನೇ ತಡೆದ.

ದೊಡ್ಡ ಆರಾಧನೆಯ ದಿನ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಮೇಲೆ ಕ್ಯಾಸೆಟ್ಟಿನ ಕವರು ಬಾಗಿಲಿನಷ್ಟು ದೊಡ್ಡದಾಗಿ ನೇತಾಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಾವನ ಬದಲು ಬೇರೆಯವರು ಸಮಾಧಾನವಾ ಅಂತ ಕೇಳಿದರು. ಅತ್ತೆ ಇಲ್ಲ ಅಂದು ಪುಸ್ತಕ ಇಟ್ಟರು. ದೊಡ್ಡತ್ತೆಯೂ ಇಟ್ಟರು. ನಾನಂತೂ ಪುಸ್ತಕವನ್ನೇ ತಂದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾವ ಆಗಲೇ ಕೂತಿದ್ದರು, ಮಗನ ಪಕ್ಕ, ಗೋಡೆಯ ಕಡೆ ಸರಿದು. ನಾವು ಮೂವರೂ ಹೋಗಿ ಈ ತುದಿಯಲ್ಲಿ ಕೂತೆವು. ಸಭೆಯೆಲ್ಲ ಕುತ್ತಿಗೆ ತಿರುಗಿಸಿ ನಮ್ಮನ್ನು ನೋಡಿತು. ಬೇಕರಿಯ ಅಣ್ಣತಮ್ಮಂದಿರು ಜೊತೆಯಾಗಿ ಕೂತಿದ್ದರು, ಅವರೂ ನೋಡಿದರು. ಅವರ ಮುಖ ನೋಡುವುದಕ್ಕೆ ನನಗಾಗಲಿಲ್ಲ.

ಅಯ್ಯನವರು ಪಾಪ, ಮರ್ಯಾದೆ ಉಳಿಸಲು ನೋಡಿದರು. ಹಿರಿಯ ಸಹೋದರಿಯರಿಗೆ ಇವತ್ತು ಗಂಟಲು ಸರಿಯಿಲ್ಲ, ಹಾಗಾಗಿ ಧ್ವನಿಮುದ್ರಿಕೆಯನ್ನೇ ಕೇಳೋಣ ಅಂದರು. ಜನ ಅಯ್ಯೋ ಅಂತ ಲೊಚಗುಟ್ಟಿದರು. ಆಗ ದೊಡ್ಡತ್ತೆ ಎದ್ದು ನಿಂತರು. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡಿದ್ದರು.

"ಗಂಟಲು ಸರಿಯಾಗೇ ಇದೆ ಅಯ್ಯನವರೇ. ಮನೇಲಿ ಸಮಾಧಾನ ಇಲ್ಲ. ಬಹಳ ವರ್ಷದಿಂದ ಇರಲಿಲ್ಲ. ಸೊಸೆ ಒಬ್ಬಳೇ ನಿಜ ಹೇಳಿದ್ದು."

ಅಷ್ಟು ಹೇಳಿ ಕೂತುಬಿಟ್ಟರು. ನನ್ನ ಕಿವಿಯವರೆಗೂ ರಕ್ತ ನುಗ್ಗಿತು. ಹೊಗಳಿಕೆ ಕೇಳಿದ ಹಿಗ್ಗಲ್ಲ ಅದು, ನಾಚಿಕೆಯೇ. ನಾನೂ ಎಷ್ಟು ಭಾನುವಾರ ಸಮಾಧಾನ ಅಂದಿದ್ದೆ ಅನ್ನುವುದು ನನಗೆ ಗೊತ್ತಿತ್ತು. ಏನು ಮಾಡಬೇಕೆಂದು ತೋಚದ ಧ್ವನಿವರ್ಧಕದ ಹುಡುಗಿ ಹಾಡು ಹಾಕಿಬಿಟ್ಟಳು. ಗಿಟಾರು, ಡ್ರಮ್ಮು, ಆಮೇಲೆ ಎಳೆಯ ದನಿಯಲ್ಲಿ ದೊಡ್ಡತ್ತೆ ಒಂದು ಸಾಲು, ಅತ್ತೆ ಒಂದು ಸಾಲು. ಮಾವ ಗೋಡೆಗೆ ಮುಖ ಮಾಡಿದ್ದರು. ಎರಡು ದನಿಯೂ ಒಟ್ಟಿಗೆ, ನಿನ್ನ ಬಾಗಿಲಿಗೆ ಮೊದಲು ನಾನೇ ಬರುವೆ ಅಂದಾಗ ಪಕ್ಕದಲ್ಲಿ ಅತ್ತೆಯ ಮೈ ಬಿಗಿಯಿತು. ಇಷ್ಟೆಲ್ಲ ಕೇಳಿದ ಮೇಲೂ ಸಭೆಯಲ್ಲಿ ಒಬ್ಬರ ಗಂಟಲೂ ಸರಿಯಿರಲಿಲ್ಲ. ಹಾಡು ಮಾತ್ರ ಅಷ್ಟು ಚೆನ್ನಾಗಿತ್ತು, ಏನು ಮಾಡುವುದು.

ಹಾಡು ಮುಗಿಯುವ ಮೊದಲೇ ತಂಡದಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಯ್ಯನವರ ಹೆಂಡತಿ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು, ಗಂಡನ ಕಡೆ ಕಣ್ಣೂ ಹಾಕದೆ, ನಡುದಾರಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದು ಬಂದು ನಮ್ಮ ಬೆಂಚಿನ ಹತ್ತಿರ ನಿಂತರು. ಬೆಂಚಿನ ಈ ತುದಿಯಲ್ಲಿ ಕೂರಲು ಜಾಗವಿರಲಿಲ್ಲ. ಈ ಕಡೆ ನಾವು ಮೂವರು, ಆ ತುದಿಯಲ್ಲಿ ಅಪ್ಪ ಮಗ, ನಡುವೆ ಒಬ್ಬರು ಕೂರುವಷ್ಟು ಖಾಲಿ ಬಿಟ್ಟಿದ್ದೆವು, ಬೇಕೆಂದೇ.

ಅತ್ತೆ ಅಕ್ಕನ ಮೊಣಕೈ ಮುಟ್ಟಿದರು.

"ಅಕ್ಕ, ಅವರ ಕಡೆ ಸ್ವಲ್ಪ ಜರುಗು. ಇವರು ಕೂರಬೇಕಲ್ಲ."

ದೊಡ್ಡತ್ತೆ ಜರುಗಿದರು.